ಪೆಟ್ಟಿಗೆ ಮುಟ್ಟದೆ ಕೊಟ್ಟ ಮಾತು

ನನಗೆ ಸಿಕ್ಕಿದ್ದು ಒಂದು ತಿಂಗಳ ಬಾಡಿಗೆ, ನಾಲ್ಕೂವರೆ ಸಾವಿರ ರೂಪಾಯಿ ಕಮಿಷನ್ನು. ಅದಕ್ಕೆ ನಾನು ತೆತ್ತಿದ್ದು ನನ್ನ ದೊಡ್ಡಪ್ಪನನ್ನು. ಯಾಕೆ ಅಂತ ಕೇಳಿದರೆ ಉತ್ತರ ಸಣ್ಣದು. ನಮ್ಮೂರ ಗುಡಿಯ ಗೋಡೆಗೆ ಅಂಟಿದ ಮನೆ ಎಂಟು ತಿಂಗಳಿಂದ ಖಾಲಿ ಬಿದ್ದಿತ್ತು, ಖಾಲಿ ಮನೆ ಕಂಡರೆ ನನಗೆ ಸುಮ್ಮನೆ ಕೂರೋಕಾಗಲ್ಲ.

ನನ್ನದು ಜಮೀನು, ಮನೆ ಕೊಡಿಸುವ ಕೆಲಸ. ದೇವನಹಳ್ಳಿ ಕಡೆ ಎಕರೆ ಲೆಕ್ಕದ ವ್ಯವಹಾರ. ಅದು ಕುದುರದ ತಿಂಗಳು ದೊಡ್ಡಬಳ್ಳಾಪುರದಲ್ಲಿ ಬಾಡಿಗೆ ಮನೆ. ಅದೂ ಇಲ್ಲದಿದ್ದರೆ ಸೀಮೆಹಸು ವ್ಯಾಪಾರ. ಹತ್ತನೇ ಕ್ಲಾಸು ದಾಟದೆ, ಯಾರೋ ಎಸೆದ ಮೊಪೆಡ್ಡಿನ ಮೇಲೆ ಶುರುಮಾಡಿದವನು. ಯಾರೂ ನನ್ನ ಕೈ ಹಿಡಿದು ಎತ್ತಲಿಲ್ಲ ಅಂತ ಹೇಳಿಕೊಂಡು ತಿರುಗುತ್ತೇನೆ, ಆದರೆ ಅದು ಪೂರ್ತಿ ನಿಜವಲ್ಲ. ಅಪ್ಪ ತೀರಿಕೊಂಡ ಮೇಲೆ ಆರು ವರ್ಷ ನಾನು ಉಂಡಿದ್ದು ದೊಡ್ಡಮ್ಮ ತಿರುವಿದ ಮುದ್ದೆ. ಅವರಿಗೆ ಮಕ್ಕಳಿರಲಿಲ್ಲ. ಒಂದು ಹುಟ್ಟಿತ್ತು, ಉಳಿಯಲಿಲ್ಲ. ಆ ವಿಷಯ ಆಮೇಲೆ ಬರುತ್ತದೆ.

ನಮ್ಮೂರು ಮಧುರೆ ಹೋಬಳಿಯ ಒಂದು ಹಳ್ಳಿ. ನಮ್ಮ ಕುಲದ ಏಳು ಮನೆಗೆ ದೊಡ್ಡಪ್ಪನೇ ಯಜಮಾನ. ಯಜಮಾನ ಅಂದರೆ ಪೂಜಾರಿಯಲ್ಲ. ಪೂಜಾರಿಗೂ ಯಾವಾಗ ಗಂಟೆ ಹೊಡೆಯಬೇಕು ಅಂತ ಹೇಳುವವನು. ಮದುವೆಯಲ್ಲಿ ಮೊದಲ ವೀಳ್ಯ ಅವನಿಗೆ. ಸತ್ತರೆ ಗುಂಡಿಗೆ ಮೊದಲ ಗುದ್ದಲಿ ಅವನದು. ಅವನು ಗುದ್ದಲಿ ಹಾಕದೆ ನಮ್ಮವರು ಯಾರೂ ಮಣ್ಣು ಮುಟ್ಟಲ್ಲ. ಎಲ್ಲಕ್ಕಿಂತ ದೊಡ್ಡದು, ದೇವರ ಪೆಟ್ಟಿಗೆ ಇರುವುದು ಅವನ ನಡುಮನೆಯಲ್ಲಿ. ಗುಡಿಯಲ್ಲಿರುವುದು ಬರೀ ಕಲ್ಲು. ಕುಲದೇವತೆ ಅಮ್ಮನ ಬೆಳ್ಳಿ ಮುಖ, ಕತ್ತಿ, ಬಳೆ ಎಲ್ಲ ಹಲಸಿನ ಮರದ ಆ ಪೆಟ್ಟಿಗೆಯೊಳಗೆ. ವರ್ಷಕ್ಕೊಂದು ಸಲ ಯಜಮಾನ ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಪಂಚೆಯಲ್ಲೇ ಪೆಟ್ಟಿಗೆ ಹೊತ್ತು ಊರು ಸುತ್ತಿ ಗುಡಿಯಲ್ಲಿ ಇಳಿಸಬೇಕು. ನಡುವೆ ಇಳಿಸುವಂತಿಲ್ಲ, ಬಾಯಿ ಬಿಡುವಂತಿಲ್ಲ. ಪೆಟ್ಟಿಗೆ ತಲೆ ಮೇಲಿರುವಾಗ ಅವನ ಕಿವಿಗೆ ಸಾವಿನ ಸುದ್ದಿ ಬೀಳಬಾರದು. ಬಿದ್ದರೆ ಅವನಿಗೆ ಸೂತಕ, ಪೆಟ್ಟಿಗೆಗೆ ಮೈಲಿಗೆ, ಏಳು ಮನೆಗೂ ಕೇಡು.

ಇನ್ನೊಂದು ಕಟ್ಟು ಇದೆ. ಕುಲದೊಳಗೆ ಯಾರಾದರೂ ಯಾರಿಗಾದರೂ ಮಾತು ಕೊಡುವುದಿದ್ದರೆ ಆ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೊಡಬೇಕು. ಹಾಗೆ ಕೊಟ್ಟ ಮಾತು ಮುರಿದವನನ್ನು ನಾನು ಈ ವಯಸ್ಸಿನವರೆಗೆ ಕಂಡಿಲ್ಲ. ಮುಟ್ಟದೆ ಆಡಿದ್ದು ಮಾತಲ್ಲ, ಹರಟೆ. ಇದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು.

ಕೂಸು ಅಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. ನಾನು ಹುಟ್ಟುವ ಮೊದಲಿನ ಮಾತಿದು. ದೊಡ್ಡಪ್ಪ ಯಜಮಾನನಾದ ಮೊದಲ ವರ್ಷ, ಪೆಟ್ಟಿಗೆ ಹೊತ್ತು ಊರು ಸುತ್ತುತ್ತಿದ್ದಾಗ, ಮನೆಯಲ್ಲಿ ಇಪ್ಪತ್ತು ದಿನದ ಮಗುವಿಗೆ ಜ್ವರ ನೆತ್ತಿಗೇರಿತು. ಅರ್ಧ ದಾರಿಯಲ್ಲೇ ಅದು ಹೋಯಿತು. ಯಾರೂ ಅವನಿಗೆ ಹೇಳಲಿಲ್ಲ. ಅವನು ಗುಡಿಯಲ್ಲಿ ಪೆಟ್ಟಿಗೆ ಇಳಿಸಿ, ಮಂಗಳಾರತಿ ಮಾಡಿಸಿ, ಎಲ್ಲರ ಜೊತೆ ಉಂಡು ಮನೆಗೆ ಬರುವಷ್ಟರಲ್ಲಿ ಕೂಸನ್ನು ಮಸಣದಲ್ಲಿ ನಮ್ಮ ಕುಲದ ಮೂಲೆಯಲ್ಲಿ, ಹುಣಸೆಮರದ ಬುಡದಲ್ಲಿಟ್ಟು ಮಣ್ಣು ಮುಚ್ಚಿಯಾಗಿತ್ತು. ಹಸುಗೂಸಿಗೆ ಯಜಮಾನನ ಗುದ್ದಲಿ ಬೇಕಿಲ್ಲ. ಹೆತ್ತ ಅಪ್ಪ ಮಗುವಿನ ಮುಖ ಕಡೇಸಲ ನೋಡಲಿಲ್ಲ. ಊರವರು ಮಾತ್ರ ಇವತ್ತಿಗೂ ಹೊಗಳುತ್ತಾರೆ, "ಮಗು ಸತ್ತರೂ ಪೆಟ್ಟಿಗೆ ಇಳಿಸದ ಗಂಡಸು" ಅಂತ. ಅವನಿಗೆ ಗೊತ್ತೇ ಇರಲಿಲ್ಲ ಎನ್ನುವುದನ್ನು ಯಾರೂ ಸೇರಿಸುವುದಿಲ್ಲ.

ಆ ಖಾಲಿ ಮನೆಗೆ ನಾನು ಕರೆತಂದದ್ದು ದೊಡ್ಡಬಳ್ಳಾಪುರದ ಒಬ್ಬ ಮಗ್ಗದವನನ್ನು. ಐವತ್ತರ ಗಂಡಸು, ಹೆಂಡತಿ, ಎರಡು ಪವರ್‌ಲೂಮು. ಟೌನಿನಲ್ಲಿ ಬಾಡಿಗೆ ಏರಿತ್ತು, ಹಳ್ಳಿ ಕಡೆ ನೋಡುತ್ತಿದ್ದ. ಯಾವ ಜನ ಅಂತ ಕೇಳಿದೆ, ಹೇಳಿದ. ಯಾವ ದೇವರು ಅಂತ ಕೇಳಲಿಲ್ಲ. ಹೆಸರು ನಮ್ಮ ಹೆಸರಿನಂತೆಯೇ ಇತ್ತು, ಕೈಯಲ್ಲಿ ಅಡ್ವಾನ್ಸ್ ಇತ್ತು. ದೇವನಹಳ್ಳಿಯಲ್ಲಿದ್ದ ಮನೆ ಓನರ್‌ಗೆ ಫೋನ್ ಮಾಡಿ, "ಒಳ್ಳೇ ಪಾರ್ಟಿ ಸಾರ್, ಕುಡಿಯಲ್ಲ, ಬೀಡಿ ಸೇದಲ್ಲ" ಅಂದೆ. ಯಾಕೆ ಕುಡಿಯಲ್ಲ, ಯಾಕೆ ಸೇದಲ್ಲ ಅಂತ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮೊದಲ ವಾರವೇ ಜಗಳ. ಗುಡಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆ ಲಾಳಿ ಟಕಟಕ ಅನ್ನುತ್ತಿತ್ತು. ದೊಡ್ಡಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ನುಗ್ಗಿದ. ಮನೆ ಕೊಡಿಸಿದವನು ನಾನು, ಹಿಂದೆಯೇ ಹೋದೆ.

"ಏನಯ್ಯಾ, ಅಮ್ಮನಿಗೆ ಗಂಟೆ ಕೇಳಿಸ್ಬೇಕೋ, ನಿನ್ನ ಲಾಳಿ ಕೇಳಿಸ್ಬೇಕೋ?"

"ನಿಲ್ಲಿಸ್ತೀನಿ ಯಜಮಾನ್ರೇ," ಅಂದ ಮಗ್ಗದವನು. "ನೀವು ದೀಪ ಹಚ್ಚೋ ಹೊತ್ತಿಗೆ ಸರಿಯಾಗಿ ನಿಲ್ಲಿಸ್ತೀನಿ."

"ಕರೆಂಟು ಹೋಗಿ ನಿಂತ್ರೆ ಅದು ನಿಲ್ಲಿಸಿದಂಗಲ್ಲ!"

"ಕರೆಂಟು ಇದ್ದಾಗ್ಲೇ ನಿಲ್ಲಿಸ್ತೀನಿ. ಕೂತ್ಕೊಳ್ಳಿ, ಟೀ ಕುಡಿದು ಹೋಗಿ."

ಮೂವತ್ತು ವರ್ಷ ಜಗಳವಾಡಿಯೇ ಯಜಮಾನಿಕೆ ಮಾಡಿದವನಿಗೆ ಎದುರಾಳಿಯೇ ಇಲ್ಲದಂತಾಯಿತು. ಮಾರನೇ ದಿನ ಮಗ್ಗ ನಿಂತಿದೆಯೋ ಇಲ್ಲವೋ ನೋಡೋಕೆ ಹೋದ. ನಿಂತಿತ್ತು. ಅದರ ಮಾರನೇ ದಿನವೂ ಹೋದ. ಮಗ್ಗದವನು ಯೇಸುವನ್ನು ನಂಬಿದವನು, ಮನೆಯಲ್ಲಿ ಒಂದು ದೇವರ ಪಟವೂ ಇಲ್ಲ ಅಂತ ಗೊತ್ತಾಗಿದ್ದು ಆಗ. ಆಮೇಲೆ, "ನಿಮ್ಮ ದೇವರಿಗೆ ಮುಖಾನೇ ಇಲ್ವಲ್ಲ, ನೀವು ಯಾರಿಗೆ ಕೈ ಮುಗೀತೀರಿ?" ಅಂತ ವಾದ ಹಾಕೋಕೆ ಹೋದ. ಮಗ್ಗ ನಿಂತ ಆ ಅರ್ಧ ಗಂಟೆ ಇಬ್ಬರೂ ಜಗಲಿಯಲ್ಲಿ ಕೂತು ಕಿತ್ತಾಡುತ್ತಿದ್ದರು. ಊರವರು ಬಸ್ ಸ್ಟಾಂಡಿನಲ್ಲಿ ನಿಂತು ನಗುತ್ತಿದ್ದರು, "ಯಜಮಾನ ಅವನನ್ನ ನಮ್ಮ ಕಡೆಗೆ ಎಳೀತಾವ್ನೆ" ಅಂತ.

ಯಾರು ಯಾರನ್ನು ಎಳೆದರು ಅನ್ನುವುದು ನನಗೆ ಗೊತ್ತಾಗಿದ್ದು ದೊಡ್ಡಮ್ಮನ ಬಾಯಿಂದ. ಮಗ್ಗದವನು ಒಂದು ದಿನ ಸುಮ್ಮನೆ ಕೇಳಿದನಂತೆ, "ನಿಮಗೆ ಮಕ್ಕಳಾಗ್ಲಿಲ್ವಾ ಯಜಮಾನ್ರೇ?" ಅಂತ. ದೊಡ್ಡಪ್ಪ ಕೂಸಿನ ಕಥೆ ಹೇಳಿದ. ಎಲ್ಲರಂತೆ ಅವನೂ ಹೊಗಳುತ್ತಾನೆ ಅಂದುಕೊಂಡಿದ್ದನೇನೋ. ಮಗ್ಗದವನು, "ಹೆಸರೇನು ಇಟ್ಟಿದ್ರಿ?" ಅಂತ ಕೇಳಿದನಂತೆ. ನಾಮಕರಣ ಆಗಿರಲಿಲ್ಲ. ದೊಡ್ಡಪ್ಪ ಅವನ ಜಗಲಿಯ ಮೇಲೇ ಹೆಂಗಸರಂತೆ ಅತ್ತನಂತೆ. ಅಷ್ಟು ವರ್ಷದಲ್ಲಿ ಏಳು ಮನೆಯಲ್ಲಿ ಒಬ್ಬರೂ ಆ ಪ್ರಶ್ನೆ ಕೇಳಿರಲಿಲ್ಲ. ಅವರ ಮುದ್ದೆ ಉಂಡ ನಾನೂ ಕೇಳಿರಲಿಲ್ಲ.

ಒಂದು ಸಂಜೆ ದೊಡ್ಡಪ್ಪ ನನ್ನನ್ನು ಕರೆದು ಕೂರಿಸಿಕೊಂಡ.

"ಕೇಳೋ ಇಲ್ಲಿ. ಎರಡು ಸಾವಿರ ವರ್ಷದ ಹಿಂದಿನ ಮಾತು. ಸಮುದ್ರದಾಚೆ ಒಂದೂರು. ಅಲ್ಲಿ ಯೆಹೂದ್ಯರು ಅಂತ ಒಂದು ಜನ. ಅವರ ಪ್ರಾರ್ಥನೆ ಮನೆಗೆ ಒಬ್ಬ ಯಜಮಾನ, ನನ್ನಂಗೇ. ಡೇರೆ ಹೊಲಿಯೋನೊಬ್ಬ ಊರಿಗೆ ಬಂದು ಯೇಸು ವಿಷಯ ಹೇಳ್ತಿದ್ದ. ಇವರು ಸೇರಿಸ್ಲಿಲ್ಲ. ಅವನು ಊರು ಬಿಡ್ಲಿಲ್ಲ, ಪ್ರಾರ್ಥನೆ ಮನೆ ಪಕ್ಕದ ಮನೇಲೇ ಹೋಗಿ ಕೂತ್ಕೊಂಡ. ಕೊನೆಗೆ ಆ ಯಜಮಾನನೇ ಮನೆಮಂದಿ ಸಮೇತ ಅವನ ಕಡೆ ಹೋದ."

"ಆಮೇಲೆ ಏನಾಯ್ತು ಯಜಮಾನಂಗೆ?"

"ಅದು ಬರೆದಿಲ್ಲ ಕಣೋ. ಅವನಾದ್ಮೇಲೆ ಯಜಮಾನ ಆಗಿದ್ದೋನಿಗೆ ಏನಾಯ್ತು ಅಂತ ಬರೆದೈತೆ. ಅಧಿಕಾರಿ ಮುಂದೇನೇ ಹಿಡಿದು ಬಡಿದ್ರಂತೆ. ಆ ಅಧಿಕಾರಿ ಅದು ತನ್ನ ತಲೆನೋವಲ್ಲ ಅಂತ ಸುಮ್ನಿದ್ದನಂತೆ."

"ಪಕ್ಕದ ಮನೆ ಬಾಡಿಗೆಗೆ ಕೊಡಿಸಿದ ಬ್ರೋಕರಿಗೆ ಏನಾಯ್ತಂತೆ?"

ಅವನು ನಕ್ಕ, ನಾನೂ ನಕ್ಕೆ. ಒಟ್ಟಿಗೆ ಕೂತು ನಕ್ಕಿದ್ದು ಅದೇ ಕೊನೆ. ಮುಂದಿನ ಭಾನುವಾರ ಅವನೂ ದೊಡ್ಡಮ್ಮನೂ ಕೆರೆಯಲ್ಲಿ ಸೊಂಟದುದ್ದ ನೀರಿಗಿಳಿದು ಮುಳುಗೆದ್ದು ಯೇಸುವಿನ ಕಡೆಯವರಾದರು. ಮನೆಮಂದಿ ಅಂದರೆ ಅವರಿಬ್ಬರೇ.

ಊರು ಕೈಯೆತ್ತಿ ಹೊಡೆಯಲಿಲ್ಲ. ಹೊಡೆದರೆ ಕೇಸಾಗುತ್ತದೆ, ಅಷ್ಟು ಬುದ್ಧಿ ಎಲ್ಲರಿಗೂ ಇದೆ. ಡೈರಿಯಲ್ಲಿ ಅವರ ಹಾಲಿನ ಕ್ಯಾನು ಸಾಲಿನ ಕೊನೆಗೆ ತಳ್ಳಿ, ಹಾಲು ಒಡೆದ ಮೇಲೆ "ನೀರು ಬೆರೆಸಿದ್ದೀಯ" ಅಂತ ಚೆಲ್ಲಿದರು. ನಲ್ಲಿ ನೀರು ಅವರ ಮನೆಗೆ ಬರುವ ಮುಂಚೆಯೇ ನಿಲ್ಲತೊಡಗಿತು. ಮಗ್ಗದವನನ್ನು ಬಿಡಿಸೋಕೂ ನೋಡಿದರು, ದೇವನಹಳ್ಳಿಯ ಓನರ್, "ನನಗೆ ಮೂರನೇ ತಾರೀಕು ಬಾಡಿಗೆ ಬೀಳುತ್ತೆ. ಖಾಲಿ ಮಾಡಿಸಿದ್ರೆ ನಿಮ್ಮಮ್ಮ ಕೊಡ್ತಾಳಾ?" ಅಂತ ಫೋನಿಟ್ಟ. ಆ ಸಿಟ್ಟೂ ದೊಡ್ಡಪ್ಪನ ಮೇಲೇ ತಿರುಗಿತು.

ನಮ್ಮದೇ ಕುಲದ ಒಂದು ಮದುವೆಗೆ ಅವನು ಬಂದ. ಕರೆದಿರಲಿಲ್ಲ, ಆದರೂ ಬಂದ. ಯಜಮಾನಿಕೆ ಇನ್ನೂ ಬಿಟ್ಟುಕೊಟ್ಟಿರಲಿಲ್ಲವಲ್ಲ. ಊಟಕ್ಕೆ ಕೂರಿಸಿದರು, ಎಲೆ ಹಾಕಿದರು, ಉಪ್ಪಿನಿಂದ ಒಬ್ಬಟ್ಟಿನವರೆಗೆ ಎಲ್ಲ ಬಡಿಸಿದರು. ಅವನು ಅನ್ನ ಕಲಸಿ ಮೊದಲ ತುತ್ತು ಎತ್ತುವಾಗ ದಾಯಾದಿ ಮನೆಯ ನಮ್ಮ ಚಿಕ್ಕಪ್ಪ, ದೊಡ್ಡಪ್ಪನ ನಂತರ ಕುಲಕ್ಕೆ ಹಿರಿಯ, ಬಂದು ಎಲೆಯ ತುದಿ ಹಿಡಿದು ಅವನ ಕಡೆಗೇ ಮಡಚಿದ. "ಊಟ ಆಯ್ತಲ್ಲಣ್ಣ, ಏಳು," ಅಂದ. ಪಂಕ್ತಿಯಲ್ಲಿ ನಗು ಎದ್ದಿತು. ನಾನು ಎರಡು ಎಲೆ ಆಚೆ ಕೂತಿದ್ದೆ. ಏಳಲಿಲ್ಲ. ಆವತ್ತು ಒಬ್ಬಟ್ಟು ಚೆನ್ನಾಗಿತ್ತು, ಇನ್ನೊಂದು ಹಾಕಿಸಿಕೊಂಡೆ.

ಇಷ್ಟಾದರೂ ಪೆಟ್ಟಿಗೆ ಅವನ ನಡುಮನೆಯಲ್ಲೇ ಇತ್ತು. ಕಿತ್ತುಕೊಳ್ಳೋಕೆ ಎಲ್ಲರಿಗೂ ಭಯ. ಅಮ್ಮ ತಾನಾಗಿ ಹೊರಟು ಬರಬೇಕು, ಹಳೇ ಯಜಮಾನನೇ ತಲೆ ಮೇಲೆ ಹೊತ್ತು ಹೊಸ ಯಜಮಾನನ ಮನೆಗೆ ತಂದು ಅಡ್ಡಬಿದ್ದು ಒಪ್ಪಿಸಬೇಕು; ಇಲ್ಲದಿದ್ದರೆ ಅದು ಬರೀ ಮರದ ಪೆಟ್ಟಿಗೆ. ದೊಡ್ಡಪ್ಪ ಹೇಳಿದ್ದು ಒಂದೇ ಮಾತು: "ಬೇಕಾದ್ರೆ ಎತ್ಕೊಂಡು ಹೋಗಿ, ನಾನು ತಡೆಯಲ್ಲ. ಹೊರಲ್ಲ, ಅಡ್ಡಬೀಳಲ್ಲ."

ಸರದಿಯಲ್ಲಿ ಮುಂದಿನವನು ನಾನು. ನಮ್ಮಪ್ಪ ಇದ್ದಿದ್ದರೆ ಅವನಿಗೆ ಹೋಗುತ್ತಿತ್ತು; ಪೆಟ್ಟಿಗೆ ನಮ್ಮ ಮನೆತನದ್ದು, ಹಿರಿಯನಾದರೂ ದಾಯಾದಿ ಚಿಕ್ಕಪ್ಪನಿಗೆ ಹೋಗಲ್ಲ. ನನಗೆ ಆ ಪೆಟ್ಟಿಗೆ ಬೇಕಿತ್ತು. ಭಕ್ತಿಯೂ ಇತ್ತು, ಇಲ್ಲ ಅನ್ನಲ್ಲ. ಆದರೆ ತೂಬಗೆರೆಯಲ್ಲೋ ದೇವನಹಳ್ಳಿಯಲ್ಲೋ ನಾಲ್ಕು ಜನ ರೈತರ ಮುಂದೆ ಕೂತು ಜಮೀನಿನ ಮಾತಾಡುವಾಗ, "ಇವರ ಮನೇಲಿ ದೇವರ ಪೆಟ್ಟಿಗೆ ಇದೆ, ಸುಳ್ಳು ಹೇಳಲ್ಲ" ಅಂತ ಒಬ್ಬ ಅಂದರೆ ಸಾಕು, ಅರ್ಧ ವ್ಯವಹಾರ ಮುಗಿದಂತೆ. ಬ್ರೋಕರನಿಗೆ ಕೊರತೆ ಇರುವುದು ಅದೊಂದೇ.

ಅಷ್ಟರಲ್ಲಿ ದೊಡ್ಡಮ್ಮನ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿತು. ಡಾಕ್ಟರು ಮನೆಗೆ ಕರಕೊಂಡು ಹೋಗಿ ಅಂದರು. ನೋಡೋಕೆ ಹೋದೆ. ಮಂಚದ ಮೇಲೆ ಒಂದು ಸೀರೆ ಮಡಚಿಟ್ಟಂತೆ ಇದ್ದಳು.

"ಉಂಡ್ಯಾ ಮಗಾ?" ಅಂದಳು ಮೊದಲು.

"ಆಯ್ತು ದೊಡ್ಡಮ್ಮ."

"ನನಗೇನೂ ಬೇಡ ಕಣೋ. ನನ್ನ ಕೂಸಿನ ಪಕ್ಕ ಇಡಿಸ್ಬಿಡು. ಎಷ್ಟು ವರ್ಷದಿಂದ ಒಂಟಿಯಾಗಿ ಮಲಗೈತೆ ಅದು."

ಕಷ್ಟ ಇದ್ದದ್ದು ಅಲ್ಲೇ. ಜಾತಿಬಿಟ್ಟವರಿಗೆ ಕುಲದ ಮೂಲೆಯಲ್ಲಿ ಜಾಗವಿಲ್ಲ ಅಂತ ಚಿಕ್ಕಪ್ಪ ಆಗಲೇ ಸಾರಿಬಿಟ್ಟಿದ್ದ. ದೊಡ್ಡಪ್ಪ ಗೋಡೆಗೆ ಒರಗಿ ಕೂತಿದ್ದ. ನನ್ನ ಕಣ್ಣಿಗೆ ಎರಡು ಕಡೆಯ ಪಾರ್ಟಿಯೂ ಕಾಣಿಸಿತು. ಕೆಲಸ ಶುರುಮಾಡಿದೆ.

"ದೊಡ್ಡಪ್ಪ, ನೀನು ಗುದ್ದಲಿ ಹಾಕಿದ್ರೆ ಏಳು ಮನೆಯೋರೂ ಅಡ್ಡ ನಿಲ್ತಾರೆ. ನಾನು ಹಾಕಿದ್ರೆ ಯಾರೂ ಉಸಿರೆತ್ತಲ್ಲ. ಗುದ್ದಲಿ ನನ್ನ ಕೈಗೆ ಬರಬೇಕು ಅಂದ್ರೆ ಪೆಟ್ಟಿಗೆ ನನ್ನ ಮನೆಗೆ ಬರಬೇಕು. ನೀನೇ ಹೊತ್ತು ತರಬೇಕು."

"ಅಡ್ಡಬೀಳಲ್ಲ ಅಂದಿದ್ದೀನಿ."

"ಅಡ್ಡಬೀಳ್ಬೇಡ. ನಮ್ಮ ಹಳೇ ಮನೆ ಬಾಗ್ಲು ಎಷ್ಟು ಗಿಡ್ಡ ಐತೆ ಅಂತ ನಿಂಗೆ ಗೊತ್ತಲ್ಲ. ತಲೆ ಮೇಲೆ ಪೆಟ್ಟಿಗೆ ಇಟ್ಕೊಂಡು ಮಂಡಿ ಊರದೆ ಒಳಗೆ ಬರೋಕಾಗಲ್ಲ. ಅವರಿಗೆ ಅದು ನಮಸ್ಕಾರ. ನಿಂಗೆ ಅದು ಬಾಗ್ಲು. ಯಾರು ಕೇಳ್ತಾರೆ?"

ಇವತ್ತಿಗೂ ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಕುದುರಿಸಿದ ಮಾತು ಇನ್ನೊಂದಿಲ್ಲ. ಅವನು ದೊಡ್ಡಮ್ಮನನ್ನು ನೋಡಿದ. ಕೂಸು ಸತ್ತ ದಿನ ಹೊತ್ತ ಪೆಟ್ಟಿಗೆಯನ್ನು ಆ ಕೂಸಿಗಾಗಿಯೇ ಮತ್ತೆ ಹೊರಬೇಕು. "ಹೊರ್ತೀನಿ," ಅಂದ.

ನಾನು ಎದ್ದೆ. ರೂಢಿ ನೋಡಿ, ಕೈ ತಾನಾಗಿ ಪೆಟ್ಟಿಗೆ ಕಡೆ ಹೋಯಿತು. ಮಾತಾಯಿತಲ್ಲ, ಮುಟ್ಟಿ ಹೇಳಬೇಕು.

"ಬೇಡ," ಅಂದ ದೊಡ್ಡಪ್ಪ. "ಯೇಸು ಕಡೆಯೋರು ನಾವು, ಆಣೆ ಇಡೋ ಹಂಗಿಲ್ಲ. ಹೌದಂದ್ರೆ ಹೌದು, ಅಷ್ಟೇ. ನಿನ್ನ ಬಾಯಿ ಮಾತು ಸಾಕು ಮಗಾ."

"ಕೂಸಿನ ಪಕ್ಕದಲ್ಲೇ ಇಡಿಸ್ತೀನಿ," ಅಂತಷ್ಟೇ ಅಂದು ನಾನು ಕೈ ಹಿಂದೆ ತೆಗೆದುಕೊಂಡೆ. ಮೂವತ್ತು ವರ್ಷ ಏಳು ಮನೆಯ ಮಾತುಗಳನ್ನು ಆ ಪೆಟ್ಟಿಗೆಯ ಮೇಲೆ ಕಟ್ಟಿಹಾಕಿದವನು ತನ್ನ ಪಾಲಿನ ಒಂದೇ ಒಂದು ಮಾತನ್ನು ಗಾಳಿಯಲ್ಲಿ ಬಿಟ್ಟ. ಆ ಗಳಿಗೆಯಲ್ಲಿ ನನ್ನ ಎದೆಯೊಳಗೆ ಏನೋ ಹಗುರವಾಯಿತು. ಆವತ್ತು ಅದು ಪ್ರೀತಿ ಅಂದುಕೊಂಡಿದ್ದೆ.

ನಾಲ್ಕನೇ ದಿನ ಬೆಳಿಗ್ಗೆ ಅವನು ಬಾವಿ ನೀರು ತಲೆಗೆ ಹೊಯ್ದುಕೊಂಡು, ಒದ್ದೆ ಪಂಚೆಯಲ್ಲಿ ಪೆಟ್ಟಿಗೆ ಎತ್ತಿದ. ಎಪ್ಪತ್ತರ ಹತ್ತಿರದ ದೇಹ. ದೊಡ್ಡಮ್ಮನ ಹತ್ತಿರ ನನ್ನ ಹೆಂಡತಿಯನ್ನು ಕೂರಿಸಿದ್ದೆ. ಏಳು ಮನೆಯವರೂ ಬೀದಿಯಲ್ಲಿದ್ದರು. "ಏನಣ್ಣಾ, ನಿಮ್ಮ ಯೇಸು ಒಂದು ಕೈ ಹಾಕಲ್ವಾ?" ಅಂದ ಒಬ್ಬ. "ಹೇ, ಮಾತಾಡಿಸ್ಬೇಡ್ರೋ, ಅಮ್ಮ ಕೂತವ್ಳೆ," ಅಂತ ಇನ್ನೊಬ್ಬ ಗದರಿಸಿ, ತಾನೇ ನಕ್ಕ. ಯಾರೋ ಬೇಕೆಂದೇ ಬಳಸು ದಾರಿ ಹಿಡಿಸಿದರು. ಮಗ್ಗದವನು ತನ್ನ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ. ಅವನ ಮುಖದಲ್ಲಿ ಬೈಗುಳ ಹುಡುಕಿದೆ, ಇರಲಿಲ್ಲ. ಒಳಗೆ ಹೋಗಿ ಮಗ್ಗ ನಿಲ್ಲಿಸಿ ಬಂದ.

ಗುಡಿಯ ಬೀದಿ ತಿರುಗುವಾಗ ನನ್ನ ಜೇಬಿನಲ್ಲಿ ಫೋನು ನಡುಗಿತು. ಹೆಂಡತಿ. "ದೊಡ್ಡತ್ತೆ ಹೋಗ್ಬಿಟ್ರು ರೀ. ಮಾವನ್ನ ಕೇಳ್ತಿದ್ರು. ಬೇಗ ಕರ್ಕೊಂಡ್ ಬನ್ನಿ."

ಅವನು ನನ್ನಿಂದ ಮೂರು ಮಾರು ಮುಂದಿದ್ದ. ಹೇಳಬಹುದಿತ್ತು. ಹೇಳಿದ್ದರೆ ಪೆಟ್ಟಿಗೆ ಮೈಲಿಗೆ, ಒಪ್ಪಿಸುವುದು ನಿಲ್ಲುತ್ತಿತ್ತು. ನನ್ನ ಯಜಮಾನಿಕೆ ಅಲ್ಲೇ ಬೀದಿಯಲ್ಲಿ ಬೀಳುತ್ತಿತ್ತು. ಕಟ್ಟುಪಾಡು ಅಂತ ಒಂದು ಇದೆಯಲ್ಲ, ಅದು ಇಂಥ ಹೊತ್ತಿನಲ್ಲಿ ಎಷ್ಟು ಅನುಕೂಲ ನೋಡಿ. ಫೋನು ಜೇಬಿಗಿಟ್ಟು ನಡೆದೆ. ಅಲ್ಲಿಂದ ನಮ್ಮ ಹಳೇ ಮನೆಗೆ ಅರ್ಧ ಗಂಟೆಯ ದಾರಿಯಾಯಿತು, ಬಳಸಿ ಹೋದದ್ದರಿಂದ.

ಬಾಗಿಲ ಮುಂದೆ ಅವನು ಮಂಡಿಯೂರಿದ. ತಲೆ ಬಗ್ಗಿಸಿ, ಒಂದು ಕೈ ನೆಲಕ್ಕೆ ಕೊಟ್ಟು, ತೆವಳಿದಂತೆ ಒಳಗೆ ಬಂದ. ಹೊರಗೆ ಶಿಳ್ಳೆ ಬಿತ್ತು. "ಬಿದ್ದ, ಬಿದ್ದ, ಯಜಮಾನ ಅಡ್ಡಬಿದ್ದ!" ಪೆಟ್ಟಿಗೆ ಇಳಿಸಿದೆವು. ಚಿಕ್ಕಪ್ಪ ಆರತಿ ಮಾಡಿಸಿ ನನ್ನ ಹಣೆಗೆ ಕುಂಕುಮ ಇಟ್ಟ. ಅದೆಲ್ಲ ಮುಗಿದ ಮೇಲೆ ನಾನು ದೊಡ್ಡಪ್ಪನ ಪಕ್ಕ ಕೂತು ಹೇಳಿದೆ, "ದೊಡ್ಡಮ್ಮ ಹೋಯ್ತು."

"ಯಾವಾಗ?"

"ಈಗ ಫೋನ್ ಬಂತು."

ಅಷ್ಟರಲ್ಲಿ ನನ್ನ ಹೆಂಡತಿ ಓಡಿಬಂದಿದ್ದಳು. ಅವಳಿಗೇನು ಗೊತ್ತು ಪಾಪ. "ಅರ್ಧ ಗಂಟೆ ಹಿಂದೇನೇ ಹೇಳಿದ್ನಲ್ರೀ, ಇಷ್ಟು ಹೊತ್ತು ಏನ್ ಮಾಡ್ತಿದ್ರಿ?" ಅಂದಳು ಎಲ್ಲರ ಮುಂದೆ.

ದೊಡ್ಡಪ್ಪ ನನ್ನ ಜೇಬು ನೋಡಿದ. "ಎರಡ್ನೇ ಸಲ," ಅಂದ. ಅಷ್ಟೇ ಅಂದು, ಒದ್ದೆ ಪಂಚೆಯಲ್ಲೇ ಮನೆಗೆ ನಡೆದ.

ಮಧ್ಯಾಹ್ನ ನಾಲ್ಕಕ್ಕೆ ಮಗ್ಗದವನೂ ಟೌನಿನಿಂದ ಬಂದ ಅವನ ಕಡೆಯವರೂ ದೊಡ್ಡಮ್ಮನನ್ನು ಹೊತ್ತು ಹುಣಸೆಮರದ ಹತ್ತಿರ ಬಂದರು. ನಾನು ಗುದ್ದಲಿ ಹಿಡಿದು ಮುಂಚೆಯೇ ಹೋಗಿದ್ದೆ. ಸುಳ್ಳು ಹೇಳಲ್ಲ, ಹಾಕಬೇಕು ಅಂತಲೇ ಹೋಗಿದ್ದೆ. ಏಳು ಮನೆಯವರು ಸುತ್ತ ನಿಂತಿದ್ದರು. ಗಲಾಟೆಯಾಗಬಹುದು ಅಂತ ಮಗ್ಗದವನು ಫೋನ್ ಮಾಡಿದ್ದರಿಂದ ಸ್ಟೇಷನ್ನಿಂದ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದಿದ್ದ. ಇಳಿಯಲಿಲ್ಲ. "ಇದು ನಿಮ್ಮ ನಿಮ್ಮ ದೇವರ ವಿಷಯ, ನನ್ನ ತಲೆಗೆ ತರ್ಬೇಡಿ. ನೀವೇ ಮಾತಾಡ್ಕೊಳ್ಳಿ," ಅಂತ ಕಿಟಕಿಯಿಂದಲೇ ಹೇಳಿ ಮೊಬೈಲಿನಲ್ಲಿ ಏನೋ ನೋಡತೊಡಗಿದ.

"ಚಿಕ್ಕಪ್ಪ, ಹೆಣ್ಣೆಂಗಸು, ಸತ್ತವಳು," ಅಂದೆ. "ಆರಡಿ ಜಾಗ ತಾನೇ? ನಾನು ಮಾತು ಕೊಟ್ಟಿದ್ದೀನಿ."

ಚಿಕ್ಕಪ್ಪ ನನ್ನ ಕೆನ್ನೆಗೆ ಬಾರಿಸಿದ. ಒಂದೇ ಏಟು, ಪೂರ್ತಿ ಅಂಗೈ. ಹಣೆಯ ಕುಂಕುಮ ಇನ್ನೂ ಅಳಿಸಿರಲಿಲ್ಲ, ಬೆವರಿಗೆ ಮೂಗಿನ ಮೇಲೆ ಇಳಿಯಿತು. "ಬೆಳಿಗ್ಗೆ ಯಜಮಾನ ಆದೋನು ಸಂಜೆಗೆ ಕುಲ ಮಾರ್ತೀಯೇನೋ? ಗುದ್ದಲಿ ಬಿದ್ರೆ ನಿನ್ನ ಕೈಯಿಂದ ಯಾವ ಮನೇನೂ ವೀಳ್ಯ ತಗಳಲ್ಲ. ನಿನ್ನ ಪೆಟ್ಟಿಗೇನೂ ನೀನೇ ಪೂಜೆ ಮಾಡ್ಕೋ."

ನಾನು ಜೀಪಿನ ಕಡೆ ನೋಡಿದೆ. ಅಧಿಕಾರಿ ತಲೆ ಎತ್ತಲಿಲ್ಲ. ಆ ಡೇರೆ ಹೊಲಿಯುವವನ ಕಥೆ ಆಗ ನೆನಪಾಯಿತು. ಆ ಕಥೆಯಲ್ಲಿ ಏಟು ತಿಂದ ಯಜಮಾನ ಮುಂದೇನು ಮಾಡಿದನೋ ದೊಡ್ಡಪ್ಪ ಹೇಳಿರಲಿಲ್ಲ. ನಾನು ಮಾಡಿದ್ದು ಇದು: ಗುದ್ದಲಿ ನೆಲದ ಮೇಲಿಟ್ಟೆ. ಒಂದು ಏಟಿಗೆ ನನ್ನ ರೇಟು ಅಷ್ಟು ಇಳಿಯಿತು.

"ಇಲ್ಲಿ ಆಗಲ್ಲ ದೊಡ್ಡಪ್ಪ."

"ಮಾತು ಕೊಟ್ಟಿದ್ದೆ ಕಣೋ ನೀನು."

ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಏಳು ಮನೆಯವರ ಕಣ್ಣಲ್ಲಿ ನಾನು ಮಾತು ತಪ್ಪಿದವನಾಗುತ್ತಿದ್ದೆ. ಅದಕ್ಕೇ ಎಲ್ಲರಿಗೂ ಕೇಳುವಂತೆ ಹೇಳಿದೆ, "ಪೆಟ್ಟಿಗೆ ಮುಟ್ಟಿ ಕೊಟ್ಟಿರ್ಲಿಲ್ಲ."

"ಹಂಗೆ ಬಾ ದಾರಿಗೆ," ಅಂತ ಚಿಕ್ಕಪ್ಪ ನನ್ನ ಹೆಗಲ ಮೇಲೆ ಕೈ ಹಾಕಿದ. ಯಾರೋ ನಕ್ಕರು. ದೊಡ್ಡಪ್ಪ ಮರದ ಬುಡಕ್ಕೆ ಹೋಗಿ, ಕೂಸಿನ ಗುರುತಿಗೆ ಇಟ್ಟಿದ್ದ ಮುಷ್ಟಿಗಾತ್ರದ ಕಲ್ಲೆತ್ತಿಕೊಂಡು, "ಇದನ್ನಾದ್ರೂ ತಗೊಂಡು ಹೋಗ್ಲಾ?" ಅಂತ ನನ್ನನ್ನು ಕೇಳಿದ. ಯಜಮಾನ ನಾನಲ್ಲವಾ, ನನ್ನನ್ನೇ ಕೇಳಬೇಕು. ನಾನು ಚಿಕ್ಕಪ್ಪನ ಮುಖ ನೋಡಿದೆ. ಚಿಕ್ಕಪ್ಪ ತಲೆ ಅಲ್ಲಾಡಿಸಿದ. "ಇಟ್ಬಿಡು ದೊಡ್ಡಪ್ಪ," ಅಂದೆ. ಇಟ್ಟ. ಎಲ್ಲಿಂದ ತೆಗೆದನೋ ಸರಿಯಾಗಿ ಅಲ್ಲೇ, ಮಣ್ಣು ಸರಿಸಿ ಇಟ್ಟ.

ದೊಡ್ಡಮ್ಮನನ್ನು ಟೌನಿನಾಚೆ ಅವರ ಕಡೆಯವರ ಜಾಗದಲ್ಲಿ ಇಟ್ಟರಂತೆ. ನಾನು ಹೋಗಲಿಲ್ಲ. ಹೋದರೆ ಸೂತಕ ತಗುಲುತ್ತೆ, ಮನೆಯಲ್ಲಿ ಪೆಟ್ಟಿಗೆ ಇದೆ ಅಂದುಕೊಂಡೆ.

ದೊಡ್ಡಪ್ಪ ಶಾಪ ಹಾಕುತ್ತಾನೆ ಅಂತ ಕಾದೆ. ಶಾಪಕ್ಕೆ ಪರಿಹಾರ ಇದೆ. ಎಲ್ಲಿ, ಯಾವ ಪೂಜೆ, ಎಷ್ಟಾಗುತ್ತೆ ಅಂತ ವಿಚಾರಿಸಿಯೂ ಇಟ್ಟಿದ್ದೆ. ಅವನು ಹಾಕಲಿಲ್ಲ. ಈಗ ಮಗ್ಗದವನ ಮನೆಯಲ್ಲೇ ಇದ್ದಾನೆ, ಜಗಲಿಯಲ್ಲಿ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾನೆ. ನಾನು ಎದುರಾದರೆ, "ಉಂಡ್ಯಾ ಮಗಾ?" ಅಂತ ಕೇಳುತ್ತಾನೆ, ದೊಡ್ಡಮ್ಮ ಕೇಳುತ್ತಿದ್ದಂತೆ. ಅದಕ್ಕೆ ಯಾವ ಪರಿಹಾರವೂ ನನಗೆ ಸಿಕ್ಕಿಲ್ಲ. ನನ್ನ ವ್ಯವಹಾರ ಚೆನ್ನಾಗಿ ನಡೆದಿದೆ. ಜಮೀನಿನ ಮಾತಿಗೆ ಈಗ ಜನ ನಮ್ಮ ಹಳೇ ಮನೆಗೇ ಬರುತ್ತಾರೆ, ಪೆಟ್ಟಿಗೆ ಮುಟ್ಟಿ ಮಾತು ಮುಗಿಸಿ ಹೋಗುತ್ತಾರೆ. ಸಂಜೆ ಗುಡಿಗೆ ಹೋಗಿ ದೀಪ ಹಚ್ಚುವವನು ನಾನು. ಕಡ್ಡಿ ಗೀರುವ ಹೊತ್ತಿಗೆ ಗೋಡೆಯಾಚೆ ಮಗ್ಗ ನಿಲ್ಲುತ್ತದೆ. ಕರೆಂಟು ಇದ್ದಾಗಲೇ. ಒಂದು ದಿನವೂ ತಪ್ಪಿಲ್ಲ.

ಇದನ್ನು ಓದುವವರಿಗೆ, ದುಡ್ಡು ತಗೊಳ್ಳದೆ ಒಂದು ಮಾತು ಹೇಳುತ್ತೇನೆ. ಯಾರಿಂದಲಾದರೂ ಮಾತು ತೆಗೆದುಕೊಳ್ಳುವಾಗ ನಿಮಗೆ ಯಾವುದು ದೊಡ್ಡದೋ ಅದರ ಮೇಲೆ ತೆಗೆದುಕೊಳ್ಳಬೇಡಿ. ಕೊಡುವವನು ಯಾವುದಕ್ಕೆ ಹೆದರುತ್ತಾನೋ ಅದರ ಮೇಲೆ ಕೈ ಇಡಿಸಿ. ನಿಮಗೆ ಅದರಲ್ಲಿ ನಂಬಿಕೆ ಹೋಗಿದ್ದರೂ ಚಿಂತೆಯಿಲ್ಲ, ಅವನಿಗಿದ್ದರೆ ಸಾಕು. ಮಣ್ಣಿನ ವಿಷಯವಾದರೆ ಬದುಕಿರುವಾಗಲೇ ಜಾಗ ಅಳೆಸಿ, ಕಲ್ಲು ನೆಡಿಸಿ, ಅಡ್ಡ ಬರಬಹುದಾದ ಪ್ರತಿ ಮನೆಯವರ ಹೆಬ್ಬೆಟ್ಟು ಕಾಗದದ ಮೇಲೆ ಹಾಕಿಸಿ. ನಿಮ್ಮ ತಲೆ ಮೇಲಿರುವ ಪೆಟ್ಟಿಗೆಯನ್ನು ಗುಂಡಿ ತೋಡುವ ಮೊದಲು ಇಳಿಸಬೇಡಿ. ಇಳಿಸಿದ ಮೇಲೆ ನಿಮ್ಮ ಹತ್ತಿರ ಮಾರೋಕೆ ಏನೂ ಉಳಿದಿರುವುದಿಲ್ಲ. ಮಾತು ಕೊಡುತ್ತಿರುವವನು ನಿಮ್ಮ ಕೈ ಮುದ್ದೆ ಉಂಡು ಬೆಳೆದವನಾಗಿದ್ದರೆ ಇದಿಷ್ಟನ್ನೂ ಎರಡೆರಡು ಸಲ ಮಾಡಿಸಿ.